ನಾಯಕ ಮತ್ತು ಪ್ರತಿನಾಯಕ: ಮಳಖೇಡದಿಂದ ಬೆಳ್ಳಿತೆರೆಯವರೆಗೆ

ಭೀಮಾನದಿಯ ದಂಡೆಯ ಮಣ್ಣೂರ ಅಫಜಲಪುರ ತಾಲ್ಲೂಕಿನ ಊರು. ಯಲ್ಲಮ್ಮನ ಗುಡಿಯಿಂದ ಸುತ್ತಣ ಹಳ್ಳಿಗಳಿಗೆಲ್ಲ ಪರಿಚಿತವಾದುದು. ಅಂಥ ಊರಿನ ಪಡಸಾಲೆಯಲ್ಲಾಗಲಿ, ಕಲಬುರ್ಗಿಯ ಯಾವುದೊಂದು ಬಡಾವಣೆಯಲ್ಲಾಗಲಿ, ರಜೆಯ ದಿನ ನಾಲ್ಕು ಹುಡುಗರು ಕೂಡಿದರೆ ಇತ್ತೀಚೆಗೆ ಒಂದು ವಾದ ಏಳುವುದುಂಟು. ಅಮೆರಿಕದ ಚಿತ್ರಕಥೆಗಳ ಅತಿಮಾನುಷ ವೀರರಲ್ಲಿ ಯಾರು ಮೇಲು ಎಂಬುದು ಆ ವಾದ. ಜಗಳ ಬಗೆಹರಿಯದಿದ್ದರೆ ಅದು ಹಿರಿಯರ ಬಳಿಗೆ ಬರುತ್ತದೆ.

"ಮುತ್ಯಾ, ಸೂಪರ್‌ಮ್ಯಾನ್ ದೊಡ್ಡಾಂವೋ, ಹಲ್ಕ್ ದೊಡ್ಡಾಂವೋ?"

"ಇಬ್ಬರನ್ನೂ ನಮ್ಮ ಭೀಮಸೇನ ಎರಡು ಬಗಲಾಗ ಇಟಗೊಂಡು ಹೊಳಿ ದಾಟತಾನ. ಸುಮ್ನ ಕೂಡು."

ಮುತ್ಯಾನ ಉತ್ತರ ಕೇಳಿ ನಾವು ನಗುತ್ತೇವೆ. ಆದರೆ ಅದರಲ್ಲಿ ಚರಿತ್ರೆಯ ಒಂದು ಎಳೆಯಿದೆ. ಒಂದು ಕಥಾಲೋಕದ ವೀರನಿಗೆ ಇನ್ನೊಂದು ಲೋಕದ ವೀರನನ್ನು ಎದುರು ನಿಲ್ಲಿಸಿ ನೋಡುವ ಹವ್ಯಾಸ ನಮ್ಮ ನಾಡಿಗೆ ಹೊಸತಲ್ಲ. ಸಾವಿರ ವರ್ಷಗಳ ಹಿಂದೆ ಇದೇ ಸೀಮೆಯಲ್ಲಿ ದೊಡ್ಡ ಪಂಡಿತರೂ ಕವಿಗಳೂ ಅದನ್ನು ಮಾಡಿದ್ದರು. ಹುಡುಗರು ಕೇಳದೆ ಬಿಡುವ ಇನ್ನೊಂದು ಪ್ರಶ್ನೆಯನ್ನು ಅವರು ಕೇಳಿದ್ದರು. ವೀರನಿಗೆ ಎದುರಾಗಿ ನಿಂತವನು ಎಂಥವನು, ಅವನಿಗೆ ಕಥೆಯಲ್ಲಿ ಯಾವ ಸ್ಥಾನ ಕೊಡಬೇಕು ಎಂಬುದೇ ಆ ಪ್ರಶ್ನೆ.

ಕಲಬುರ್ಗಿಯಿಂದ ಆಗ್ನೇಯಕ್ಕೆ ಸುಮಾರು ೪೦ ಕಿಲೋಮೀಟರ್ ದೂರದಲ್ಲಿ ಮಳಖೇಡವಿದೆ. ಅದರ ಮಗ್ಗುಲಲ್ಲಿ ಹರಿಯುವ ಕಾಗಿಣಾ ಮುಂದೆ ಹೋಗಿ ಮಣ್ಣೂರಿನ ಭೀಮೆಯನ್ನೇ ಕೂಡಿಕೊಳ್ಳುತ್ತದೆ. ಇಂದು ಕೋಟೆಯ ಗೋಡೆಗಳನ್ನೂ ಹಳೆಯ ಬಸದಿಯನ್ನೂ ಉಳಿಸಿಕೊಂಡಿರುವ ಆ ಊರು ಒಮ್ಮೆ ಮಾನ್ಯಖೇಟವೆಂಬ ಹೆಸರಿನ ರಾಷ್ಟ್ರಕೂಟ ರಾಜಧಾನಿಯಾಗಿತ್ತು. ೮೧೪ರಿಂದ ೮೭೮ರವರೆಗೆ ಆಳಿದ ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರನ್ನು ಗುರುವೆಂದು ಗೌರವಿಸಿದನು. ಜಿನಸೇನರು ಸಂಸ್ಕೃತದಲ್ಲಿ ಆರಂಭಿಸಿದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಮುಂದುವರಿಸಿದರು. ಅನಂತರ ೯೫೯ರಿಂದ ೯೬೫ರೊಳಗೆ, ಮಂತ್ರಿ ಭರತನ ಆಶ್ರಯದಲ್ಲಿ, ಪುಷ್ಪದಂತನೆಂಬ ಕವಿ ಅದೇ ವಸ್ತುವನ್ನು ಮಾನ್ಯಖೇಟದಲ್ಲಿಯೇ ಅಪಭ್ರಂಶ ಭಾಷೆಯಲ್ಲಿ ಬರೆದನು. ೯೭೮ರಲ್ಲಿ ಚಾವುಂಡರಾಯನು ಅದನ್ನು ಕನ್ನಡ ಗದ್ಯಕ್ಕೆ ತಂದನು.

ಈ ಮಹಾಪುರಾಣವು ಬಿಡಿ ಕಥೆಗಳ ಕಂತೆಯಲ್ಲ. ಅದು ಲೆಕ್ಕಹಾಕಿ ಕಟ್ಟಿದ ಒಂದು ಲೋಕ. ಅದರಲ್ಲಿ ೬೩ ಮಂದಿ ಶಲಾಕಾಪುರುಷರು, ಎಂದರೆ ಎಣಿಕೆಗೆ ಬಂದ ಮಹಾಪುರುಷರು. ತೀರ್ಥಂಕರರು ೨೪, ಚಕ್ರವರ್ತಿಗಳು ೧೨. ಉಳಿದ ೨೭ ಮಂದಿ ಮೂವರು ಮೂವರಂತೆ ಒಂಬತ್ತು ಸಲ ಬರುತ್ತಾರೆ. ಪ್ರತಿಯೊಂದು ಸಲವೂ ಶಾಂತಸ್ವಭಾವದ ಅಣ್ಣನಾಗಿ ಒಬ್ಬ ಬಲದೇವ, ಯುದ್ಧಮಾಡುವ ತಮ್ಮನಾಗಿ ಒಬ್ಬ ವಾಸುದೇವ, ಅವರಿಗೆ ಎದುರಾಗಿ ಒಬ್ಬ ಪ್ರತಿವಾಸುದೇವ. ರಾಮ, ಲಕ್ಷ್ಮಣ, ರಾವಣ ಇವರದು ಇಂಥ ಒಂದು ತ್ರಿಕೂಟ. ಬಲರಾಮ, ಕೃಷ್ಣ, ಜರಾಸಂಧರದು ಇನ್ನೊಂದು.

ಪ್ರತಿವಾಸುದೇವನು ಕೇಡು ಮಾಡಿದವನೇ. ಅವನಿಗೆ ಸೋಲು ತಪ್ಪದು. ತಾನು ಎಸೆದ ಚಕ್ರವೇ ಎದುರಾಳಿಯ ಕೈಸೇರಿ, ಹಿಂದಿರುಗಿ ಬಂದು ಅವನನ್ನು ಕೊಲ್ಲುತ್ತದೆ. ಆದರೂ ೬೩ರ ಪಟ್ಟಿಯಲ್ಲಿ ಅವನ ಹೆಸರೂ ಉಂಟು! ತೀರ್ಥಂಕರರಿರುವ ಪಂಕ್ತಿಯಲ್ಲಿಯೇ ಒಂಬತ್ತು ಮಂದಿ ಪ್ರತಿನಾಯಕರಿಗೆ ಪೀಠ ಹಾಕಿಕೊಟ್ಟಿದ್ದಾರೆ. ಇನ್ನೂ ವಿಚಿತ್ರವಾದ ಮಾತೊಂದಿದೆ. ಕೊಂದ ಪಾಪ ವಾಸುದೇವನನ್ನೂ ಬಿಡುವುದಿಲ್ಲ. ಗೆದ್ದವನೂ ನರಕವನ್ನು ಕಂಡೇ ಬರಬೇಕು. ಕಾಲಾಂತರದಲ್ಲಿ, ಮುಂದಿನ ಜನ್ಮಗಳಲ್ಲಿ, ಸೋತವನಿಗೂ ಗೆದ್ದವನಿಗೂ ಮುಕ್ತಿಯ ದಾರಿ ತೆರೆದೇ ಇದೆ. ರಾಮನು ಕೊಲ್ಲದ ಬಲದೇವನಾದುದರಿಂದ ಇಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ.

ಹೀಗೆ ಒಂದೇ ನಾಡಿನಲ್ಲಿ ಎರಡು ಕಥಾಲೋಕಗಳು ಎದುರುಬದುರಾಗಿ ನಿಂತವು. ಒಂದು ವ್ಯಾಸ ವಾಲ್ಮೀಕಿಗಳದು, ಇನ್ನೊಂದು ಜೈನಾಚಾರ್ಯರದು. ಪಾತ್ರಗಳ ಹೆಸರು ಒಂದೇ. ಲೋಕದ ನಿಯಮ ಬೇರೆ. ವಾಲ್ಮೀಕಿಯ ರಾವಣನಿಗೆ ಹತ್ತು ತಲೆ. ಜೈನ ರಾಮಾಯಣದ ವಿಮಲಸೂರಿಯ ಪರಂಪರೆಯಲ್ಲಿ ಅವನು ವಿದ್ಯಾಧರ ಕುಲದ ಅರಸು. ಕೊರಳ ಹಾರದಲ್ಲಿ ಮುಖ ಒಂಬತ್ತು ಕಡೆ ಪ್ರತಿಬಿಂಬಿಸಿದುದರಿಂದ ದಶಮುಖನೆಂಬ ಹೆಸರು ಬಂತು. ಜೈನರಲ್ಲಿಯೂ ಕಥೆ ಒಂದೇ ಬಗೆಯಾಗಿರಲಿಲ್ಲ. ಗುಣಭದ್ರರ ಪ್ರಕಾರ ಸೀತೆ ರಾವಣ ಮಂಡೋದರಿಯರ ಮಗಳೇ. ಇಂದಿನ ಹುಡುಗರು ಒಬ್ಬನೇ ವೀರನ ಹಲವು ಲೋಕಗಳ ಹಲವು ರೂಪಗಳನ್ನು ಕುರಿತು ಮಾತಾಡುವುದನ್ನು ಕೇಳಿದಾಗ ಈ ಪಾಠಭೇದಗಳು ನೆನಪಾಗದೆ ಇರವು.

ಇನ್ನು ಕನ್ನಡದ ಕವಿಗಳ ಕಡೆಗೆ ಬರೋಣ. ೯೪೧ರಲ್ಲಿ ಆದಿಪುರಾಣವನ್ನು ಬರೆದ ಪಂಪನು ವ್ಯಾಸಭಾರತವನ್ನೂ ಕೈಗೆತ್ತಿಕೊಂಡು ವಿಕ್ರಮಾರ್ಜುನ ವಿಜಯವನ್ನು ರಚಿಸಿದನು. ಅವನ ಒಡೆಯ ರಾಷ್ಟ್ರಕೂಟರ ಸಾಮಂತನಾದ ವೇಮುಲವಾಡದ ಅರಿಕೇಸರಿ. ಅರಿಕೇಸರಿಯನ್ನು ಅರ್ಜುನನಲ್ಲಿ ಬೆರೆಸಿ ಹೇಳಿದುದರಿಂದ ಭಾರತದ ನಾಯಕ ಅರ್ಜುನನಾದನು. ದ್ರೌಪದಿ ಐವರ ಮಡದಿಯಾಗದೆ ಅರ್ಜುನನೊಬ್ಬನ ಮಡದಿಯಾದಳು. ಕೊನೆಗೆ ಸಿಂಹಾಸನವೇರಿದವನೂ ಅರ್ಜುನನೇ. ಮುಂದೆ ರನ್ನನು ಗದಾಯುದ್ಧವನ್ನು ಬರೆದಾಗ ಅವನ ಒಡೆಯ ಚಾಲುಕ್ಯ ಸತ್ಯಾಶ್ರಯ. ಅವನನ್ನು ಭೀಮನಲ್ಲಿ ಬೆರೆಸಿದುದರಿಂದ ಆ ಕಾವ್ಯಕ್ಕೆ ಸಾಹಸಭೀಮವಿಜಯವೆಂಬ ಹೆಸರೂ ಬಂತು; ಪಟ್ಟಾಭಿಷೇಕವೂ ಭೀಮನಿಗಾಯಿತು. ಒಂದು ಆಸ್ಥಾನದ ವೀರ ಅರ್ಜುನ, ಇನ್ನೊಂದರ ವೀರ ಭೀಮ. ಇದಕ್ಕಿಂತ ಸ್ಪಷ್ಟವಾದ ಸ್ಪರ್ಧೆ ಬೇಕೆ?

ಒಡೆಯನನ್ನು ನಾಯಕನನ್ನಾಗಿ ಮಾಡಿದ ಕವಿ ಎದುರಾಳಿಯನ್ನು ತುಳಿಯಬೇಕಾಗಿತ್ತು ಎಂದು ನಾವು ನಿರೀಕ್ಷಿಸುತ್ತೇವೆ. ಇಬ್ಬರೂ ಹಾಗೆ ಮಾಡಲಿಲ್ಲ. ಅರ್ಜುನನನ್ನು ಹೊಗಳಲೆಂದೇ ಕುಳಿತ ಪಂಪನು, ಅರ್ಜುನನ ಬಾಣಕ್ಕೆ ಬಿದ್ದ ಕರ್ಣನ ಮುಂದೆ ನಿಂತು, ಭಾರತದಲ್ಲಿ ನೆನೆಯತಕ್ಕವನು ಈತನೇ ಎಂಬ ಅರ್ಥದ ಮಾತನ್ನು ಆಡಿಬಿಟ್ಟನು. ಭಾರತಕ್ಕೆ ಘನತೆ ತಂದವರನ್ನು ಕಾವ್ಯದ ಕೊನೆಯಲ್ಲಿ ಹೆಸರಿಸುವಾಗಲೂ ದುರ್ಯೋಧನನನ್ನೂ ಕರ್ಣನನ್ನೂ ಅವನು ಬಿಡಲಿಲ್ಲ.

ರನ್ನನು ಇನ್ನೂ ಮುಂದೆ ಹೋದನು. ಗದಾಯುದ್ಧದ ದುರ್ಯೋಧನನು ಸಂಜಯನ ಕೈಹಿಡಿದು ಹೆಣಗಳ ನಡುವೆ ನಡೆದುಹೋಗುವ ಭಾಗ ಕನ್ನಡದ ಓದುಗರಿಗೆ ತಿಳಿದದ್ದೇ. ದ್ರೋಣ ಬಿದ್ದಿದ್ದಾನೆ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಬಿದ್ದಿದ್ದಾರೆ. ಅವರ ನಡುವೆ ಶತ್ರುವಿನ ಮಗನಾದ ಅಭಿಮನ್ಯುವಿನ ದೇಹವೂ ಇದೆ. ದುರ್ಯೋಧನನು ಅಲ್ಲಿ ನಿಂತು, ಆ ಹುಡುಗನ ಸಾಹಸವನ್ನು ಮೆಚ್ಚಿ, ಅಂಥ ಸಾವು ತನಗೂ ದೊರೆಯಲೆಂದು ಕೈಮುಗಿಯುತ್ತಾನೆ. ಹೀಗೆ ಎದುರಾಳಿಗೆ ಗೌರವ ತೋರುವ ಪಾಠವನ್ನು ರನ್ನನು ಪ್ರತಿನಾಯಕನ ಕೈಯಿಂದಲೇ ಮಾಡಿಸಿದನು. ಮುಂದೆ ಶರಶಯ್ಯೆಯ ಭೀಷ್ಮನು ಸಂಧಿ ಮಾಡಿಕೊಳ್ಳೆಂದು ಹೇಳಿದರೂ ದುರ್ಯೋಧನನು ಒಪ್ಪಲಿಲ್ಲ. ಅಜ್ಜನ ಮಾತಿನಂತೆ ಕೊಳದಲ್ಲಿ ಅಡಗಿದವನು, ಭೀಮನ ಗರ್ಜನೆ ಕೇಳಿ, ನೀರಿನ ಒಳಗಿದ್ದೂ ಬೆವರಿ ಮೇಲೆದ್ದು ಬಂದು, ತೊಡೆ ಮುರಿದು ಸತ್ತನು. ಭಾಸನ ಊರುಭಂಗದಲ್ಲಿಯೂ ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ ಈ ವಸ್ತುವಿಗೆ ಪೂರ್ವರೂಪವಿದ್ದರೂ ಇಂಥ ದುರ್ಯೋಧನ ರನ್ನನವನೇ. ಇಪ್ಪತ್ತನೆಯ ಶತಮಾನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗದಾಯುದ್ಧವನ್ನು ನಾಟಕವಾಗಿ ತಿರುಗಿಸಿ ಅದರಲ್ಲಿ ಗ್ರೀಕ್ ದುರಂತ ನಾಟಕಗಳ ಗಾಂಭೀರ್ಯವನ್ನು ಕಂಡದ್ದು ಸಹಜವೇ ಆಗಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ರನ್ನನು ದುರ್ಯೋಧನನ ತಪ್ಪನ್ನು ಮುಚ್ಚಲಿಲ್ಲ. ಜೂಜು, ಸಭೆಯಲ್ಲಿ ದ್ರೌಪದಿಗಾದ ಅವಮಾನ, ಅರಗಿನ ಮನೆ ಎಲ್ಲವೂ ಕಾವ್ಯದಲ್ಲಿ ನೆನಪಾಗುತ್ತಲೇ ಇರುತ್ತವೆ. ಭೀಮನ ಸಿಟ್ಟಿಗೆ ನ್ಯಾಯವಿದೆ. ಅಪರಾಧಿಯನ್ನು ಅಪರಾಧಿಯೆಂದು ಹೇಳಿಯೂ ಅವನ ಹಿರಿಮೆಯನ್ನು ಒಪ್ಪುವುದು ಒಂದು ಬಗೆ. ಹಿರಿಮೆಯ ಹೆಸರಿನಲ್ಲಿ ಅಪರಾಧವನ್ನು ಮರೆಸುವುದು ಬೇರೊಂದು ಬಗೆ. ನಮ್ಮ ಕವಿಗಳು ಹಿಡಿದದ್ದು ಮೊದಲನೆಯ ದಾರಿಯನ್ನು.

ಆ ದಾರಿ ಸುಲಭದ್ದಾಗಿತ್ತೆಂದು ತಿಳಿಯಬಾರದು. ೯೭೨ರಲ್ಲಿ ಧಾರೆಯ ಪರಮಾರ ಸೀಯಕನು ಮಾನ್ಯಖೇಟವನ್ನು ಲೂಟಿ ಮಾಡಿದನು. ಶತ್ರುವಿಗೂ ಮಹಾಪುರುಷರ ಸಾಲಿನಲ್ಲಿ ಪೀಠ ಕೊಟ್ಟ ಪಟ್ಟಣವನ್ನು ಶತ್ರುವೊಬ್ಬನು ಸುಟ್ಟುಹಾಕಿದನು. ೬೩ ಪುರುಷರ ಕಥೆಯನ್ನು ಅಲ್ಲಿಯೇ ಕುಳಿತು ಬರೆದ ಪುಷ್ಪದಂತನು, ಊರೇ ಉರಿದುಹೋದ ಮೇಲೆ ತಾನಿನ್ನು ಎಲ್ಲಿ ನೆಲೆಸಲಿ ಎಂದು ಹಲುಬಿದ ಪದ್ಯವೊಂದು ಉಳಿದುಬಂದಿದೆ. ಮರುವರ್ಷವೇ, ೯೭೩ರಲ್ಲಿ, ಚಾಲುಕ್ಯ ತೈಲಪನು ರಾಷ್ಟ್ರಕೂಟರನ್ನು ಇಳಿಸಿ ರಾಜ್ಯವನ್ನು ಹಿಡಿದನು. ೯೪೯ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನಿಗೆ ಆಗ ೨೪ ವರ್ಷ. ಅವನು ಬೆಳೆದದ್ದು ಬೀಳುವ ರಾಜ್ಯದ ಕಾಲದಲ್ಲಿ. ಕವಿಚಕ್ರವರ್ತಿಯಾದದ್ದು ಗೆದ್ದವನ ಆಸ್ಥಾನದಲ್ಲಿ.

ಗೆದ್ದವರು ನಿಜಜೀವನದಲ್ಲಿ ಉದಾರಿಗಳಾಗಿರಲಿಲ್ಲ. ತೈಲಪನು ಪರಮಾರ ಮುಂಜನನ್ನು ಸೆರೆಹಿಡಿದು ಕೊಲ್ಲಿಸಿದನು. ಸತ್ಯಾಶ್ರಯನ ಕಾಲದಲ್ಲಿ ಚೋಳರ ದಂಡು ಈ ನಾಡಿನ ಮೇಲೆ ಬಿತ್ತು. ಒಂಬತ್ತು ಲಕ್ಷ ಸೈನ್ಯ ಬಂದು ಹೆಂಗಸರು ಮಕ್ಕಳೆನ್ನದೆ ಕೊಂದು ನಾಡನ್ನು ಹಾಳುಮಾಡಿತೆಂದು ೧೦೦೭ರ ಹೊಟ್ಟೂರಿನ ಶಾಸನ ಹೇಳುತ್ತದೆ. ಶಾಸನದ ಅಂಕಿಯಲ್ಲಿ ಉತ್ಪ್ರೇಕ್ಷೆಯಿರಬಹುದು, ನೋವಿನಲ್ಲಿ ಇರಲಾರದು. ಅರಸರು ಶತ್ರುವನ್ನು ಕೊಲ್ಲಿಸುತ್ತಿದ್ದ, ಶತ್ರು ನಾಡನ್ನು ಸುಡುತ್ತಿದ್ದ ಅಂಥ ಕಾಲದಲ್ಲಿ ಆಸ್ಥಾನದ ಕವಿಯೊಬ್ಬನು ತನ್ನ ಒಡೆಯನ ಮುಂದೆಯೇ ದುರ್ಯೋಧನನನ್ನು ಮಹಾನುಭಾವನೆಂದು ಕರೆದನು. ಆಸ್ಥಾನದಲ್ಲಿ ಕಾಣಸಿಗದ ಧರ್ಮವನ್ನು ಕಾವ್ಯದಲ್ಲಿಯಾದರೂ ಉಳಿಸಿದ ಕೆಲಸ ಅದು. ಸುಮಾರು ೧೧೦೦ರಲ್ಲಿದ್ದ ನಾಗಚಂದ್ರನು ತನ್ನ ರಾಮಚಂದ್ರಚರಿತಪುರಾಣದಲ್ಲಿ ರಾವಣನಿಗೆ ಇದೇ ನ್ಯಾಯವನ್ನು ಸಲ್ಲಿಸಿದನು. ಅವನ ರಾವಣ ಸೀತೆಯ ನಿಷ್ಠೆಯನ್ನು ಕಂಡು ಪಶ್ಚಾತ್ತಾಪಪಡುತ್ತಾನೆ. ಆದರೆ ಅಂಜಿ ಒಪ್ಪಿಸಿದನೆಂಬ ಮಾತು ಬಾರದಿರಲೆಂದು, ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಹಿಡಿದ ಮೇಲೆಯೇ ಆಕೆಯನ್ನು ಒಪ್ಪಿಸುವೆನೆಂದು ಹಠ ಹಿಡಿದು ಕೆಡುತ್ತಾನೆ.

ಓಲೆಗರಿಯ ಕಾವ್ಯ ಎಲ್ಲರಿಗೂ ಎಟುಕುವುದಿಲ್ಲ. ಭೀಮೆಯ ದಂಡೆಯ ಹಳ್ಳಿಗಳ ಜನಕ್ಕೆ ಈ ವೀರರನ್ನು ಕಣ್ಣಾರೆ ತೋರಿಸಿದ್ದು ಬಯಲಾಟ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಕೀಚಕನೋ ರಾವಣನೋ ದುರ್ಯೋಧನನೋ ತೆರೆಯ ಹಿಂದಿನಿಂದ ಕುಣಿಯುತ್ತ ಬರುವ ಹೊತ್ತಿಗೆ ತೂಕಡಿಸುತ್ತಿದ್ದ ಮಕ್ಕಳೂ ಎದ್ದು ಕೂಡುತ್ತವೆ. ತಲೆಯ ಮೇಲೆ ಭಾರದ ಕಿರೀಟ, ಹೆಗಲಿಗೆ ಭುಜಕೀರ್ತಿ, ಕಂಚಿನ ಕಂಠ. ಸಾರಥಿ ಮುಂದೆ ನಿಂತು ತಾವು ಯಾರು, ಯಾವ ದೇಶದವರು ಎಂದು ವಿಚಾರಿಸುತ್ತಾನೆ; ಬಂದವನು ತನ್ನ ಬಿರುದುಬಾವಲಿಗಳನ್ನೆಲ್ಲ ಹೇಳಿಕೊಳ್ಳುತ್ತಾನೆ. ನಾಯಕನಿಗೆ ಸಲ್ಲುವ ಈ ಮರ್ಯಾದೆ ಪ್ರತಿನಾಯಕನಿಗೂ ಸಲ್ಲುತ್ತದೆ. ಬೆಳಗಿನ ಜಾವಕ್ಕೆ ಅವನು ಸಾಯುತ್ತಾನೆ. ಮಂಗಳ ಹಾಡಿ ಜನ ಹೊಲಕ್ಕೆ ಹೋಗುತ್ತಾರೆ. ಆ ಪಾತ್ರಕ್ಕೆ ಊರಿನ ಗಟ್ಟಿಮುಟ್ಟಾದ ಆಳನ್ನೇ ಹುಡುಕುವುದು ವಾಡಿಕೆ.

ಸಿನಿಮಾ ಬಂದಾಗಲೂ ಈ ಅಭ್ಯಾಸ ತಪ್ಪಲಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ, ೧೯೩೪ರ ಮಾರ್ಚ್ ೩ರಂದು ತೆರೆಕಂಡಿತು. ಸುಲೋಚನೆ ರಾವಣನ ಸೊಸೆ, ಇಂದ್ರಜಿತುವಿನ ಮಡದಿ. ನಮ್ಮ ಭಾಷೆ ಬೆಳ್ಳಿತೆರೆಯ ಮೇಲೆ ಮೊದಲು ಮಾತಾಡಿದ್ದು ಶತ್ರುವಿನ ಮನೆಯ ದುಃಖವನ್ನು ಹೇಳುವುದಕ್ಕೆ! ಸುಬ್ಬಯ್ಯನಾಯ್ಡು ಇಂದ್ರಜಿತು, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾವ್ ರಾವಣ. ಮುಂದೆ ರಾಜಕುಮಾರರು ೧೯೫೮ರ ಭೂಕೈಲಾಸದಲ್ಲಿ ಆತ್ಮಲಿಂಗವನ್ನು ಕಳೆದುಕೊಂಡ ರಾವಣನಾದರು, ೧೯೫೯ರ ಮಹಿಷಾಸುರ ಮರ್ದಿನಿಯಲ್ಲಿ ಮಹಿಷಾಸುರನಾದರು, ೧೯೮೩ರ ಭಕ್ತ ಪ್ರಹ್ಲಾದದಲ್ಲಿ ಹಿರಣ್ಯಕಶಿಪುವಾದರು. ೧೯೭೭ರ ಬಬ್ರುವಾಹನದಲ್ಲಿ ಅರ್ಜುನನೂ ಅವರೇ, ಎದುರು ನಿಂತ ಮಗ ಬಬ್ರುವಾಹನನೂ ಅವರೇ. ಜನ ದೇವರಂತೆ ಕಂಡ ನಟ ರಾಕ್ಷಸನಾದರೂ ಯಾರಿಗೂ ಅದು ಅಸಂಗತವೆನಿಸಲಿಲ್ಲ. ಬಯಲಾಟದ ಕಣ್ಣು ಅದಕ್ಕೆ ಮೊದಲೇ ಪಳಗಿತ್ತು.

೨೦೧೯ರಲ್ಲಿ ಬಂದ ಕುರುಕ್ಷೇತ್ರ ಚಿತ್ರವು ರನ್ನನ ಗದಾಯುದ್ಧವನ್ನು ಆಧಾರವಾಗಿ ಹೇಳಿಕೊಂಡಿತು. ದರ್ಶನ್ ದುರ್ಯೋಧನನಾಗಿದ್ದರು. ಸಾವಿರ ವರ್ಷದ ಕಾವ್ಯವೊಂದರ ಹೆಸರು ಚಿತ್ರಮಂದಿರದ ಬಾಗಿಲಲ್ಲಿ ಕೇಳಿಬಂದುದು ಸಂತೋಷದ ಸಂಗತಿ. ಆದರೆ ರನ್ನನ ದುರ್ಯೋಧನನ ದೊಡ್ಡತನ ಇರುವುದು ಅವನ ಸೋಲಿನಲ್ಲಿ, ಹೆಣಗಳ ನಡುವಿನ ಆ ನಡಿಗೆಯಲ್ಲಿ. ಚಿತ್ರವು ಅದನ್ನು ಹೆಚ್ಚಾಗಿ ರಥ, ಅರಮನೆ, ಆರ್ಭಟಗಳಲ್ಲಿ ಹುಡುಕಿತೆಂದು ಕಾವ್ಯವನ್ನು ಓದಿದವರಿಗೆ ಅನಿಸಿದರೆ ತಪ್ಪಲ್ಲ.

ಇನ್ನು ಹುಡುಗರ ವೀರರನ್ನು ನೋಡೋಣ. ಅಮೆರಿಕದಲ್ಲಿ ೧೯೩೮ರಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ತರುಣರ ಸೂಪರ್‌ಮ್ಯಾನ್ ಅಚ್ಚಾಯಿತು. ಮರುವರ್ಷ ಬ್ಯಾಟ್‌ಮ್ಯಾನ್ ಬಂದನು. ಇವರಿಬ್ಬರದು ಡಿ. ಸಿ. ಎಂಬ ಪ್ರಕಾಶನದ ಮನೆತನ. ಅದಕ್ಕೆ ಪ್ರತಿಸ್ಪರ್ಧಿಯಾಗಿ ಮಾರ್ವೆಲ್ ಮನೆತನ ಬಲವಾಗಿ ಎದ್ದುನಿಂತದ್ದು ೧೯೬೧ರಿಂದ ಈಚೆಗೆ, ಸ್ಟಾನ್ ಲೀ, ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೋ ಇವರ ಕೈಯಲ್ಲಿ. ಡಿ. ಸಿ. ವೀರರು ದೇವತೆಗಳಂತೆ ಎತ್ತರದಲ್ಲಿದ್ದರೆ, ಮಾರ್ವೆಲ್ ವೀರರಿಗೆ ಮನೆಬಾಡಿಗೆಯ ಚಿಂತೆಯೂ ಇತ್ತು. ನಮ್ಮಲ್ಲಿ ೧೯೬೫ರಲ್ಲಿ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರು ಚಿತ್ರಕಥೆಗಳನ್ನು ಕನ್ನಡದಲ್ಲಿ ತಂದು ಅಮರ ಚಿತ್ರ ಕಥೆಯ ದಾರಿಯನ್ನು ತೆರೆದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅದನ್ನು ದೇಶದ ಮಕ್ಕಳ ಮನೆಮಾತಾಗಿಸಿದರು. ಅದರಲ್ಲಿ ಕರ್ಣನಿಗೂ ಒಂದು ಪುಸ್ತಕ ಮೀಸಲಾಯಿತು.

ಬಾನುಲಿಯ ಬಳಗಕ್ಕೆ ಇಲ್ಲಿ ಒಂದು ಸ್ವಾರಸ್ಯವಿದೆ. ಸೂಪರ್‌ಮ್ಯಾನ್ ೧೯೪೦ರಲ್ಲಿಯೇ ಅಮೆರಿಕದ ರೇಡಿಯೋ ಏರಿದನು. ಅವನ ಬಲವನ್ನು ಕುಂದಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಮೊದಲು ಕೇಳಿಬಂದದ್ದು ೧೯೪೩ರ ರೇಡಿಯೋ ಕಂತಿನಲ್ಲಿ. ೧೯೪೬ರಲ್ಲಿ ಆ ಕಾರ್ಯಕ್ರಮವು, ಕರಿಯರನ್ನು ಹಿಂಸಿಸುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಕೂಟವನ್ನು ಹೋಲುವ ಗುಂಪೊಂದನ್ನು ಸೂಪರ್‌ಮ್ಯಾನನ ಎದುರಾಳಿಯಾಗಿ ಮಾಡಿತು. ಮಕ್ಕಳ ಕಥೆ ತನ್ನ ನಾಡಿನ ನಿಜವಾದ ಕೇಡನ್ನು ಬೆರಳು ಮಾಡಿ ತೋರಿಸಿದ ಸಂದರ್ಭ ಅದು.

ಅಲ್ಲಿಯ ಪ್ರತಿನಾಯಕರೂ ಕ್ರಮೇಣ ಬೆಳೆದರು. ೧೯೪೦ರಲ್ಲಿ ಬಂದ ಜೋಕರ್ ಕಾರಣವಿಲ್ಲದ ಕೇಡಿಗನಾಗಿಯೇ ನಿಂತನು. ೧೯೬೩ರ ಮ್ಯಾಗ್ನೆಟೊ ಆರಂಭದಲ್ಲಿ ಬರಿಯ ದುಷ್ಟ. ನಾಜಿಗಳ ಯಾತನಾಶಿಬಿರದಲ್ಲಿ ಬದುಕುಳಿದ ಹುಡುಗ ಅವನೆಂದು ಮುಂದಿನ ಬರಹಗಾರರು ಹೇಳಿದ ಮೇಲೆ ಅವನ ಸಿಟ್ಟಿಗೆ ಅರ್ಥ ಬಂತು. ೨೦೦೮ರ ದಿ ಡಾರ್ಕ್ ನೈಟ್ ಚಿತ್ರದ ಜೋಕರ್ ಪಾತ್ರಕ್ಕೆ ಹೀತ್ ಲೆಡ್ಜರ್‌ಗೆ ಮರಣಾನಂತರ ಆಸ್ಕರ್ ಬಂತು. ೨೦೧೯ರಲ್ಲಿ, ನಮ್ಮ ಕುರುಕ್ಷೇತ್ರ ಬಂದ ವರ್ಷವೇ, ಅಲ್ಲಿಯೂ ಜೋಕರ್‌ನನ್ನೇ ನಾಯಕನನ್ನಾಗಿಸಿದ ಚಿತ್ರ ಬಂತು.

ಆದರೂ ಎರಡಕ್ಕೂ ಒಂದು ಮುಖ್ಯ ಭೇದವಿದೆ. ಅಮೆರಿಕದ ಚಿತ್ರಕಥೆ ತಿಂಗಳು ತಿಂಗಳೂ ಬರಬೇಕಾದ ಸರಕು. ಆದುದರಿಂದ ಅಲ್ಲಿ ಖಳನು ಸತ್ತರೂ ಮತ್ತೊಂದು ಸಂಚಿಕೆಗೆ ಎದ್ದುಬರುತ್ತಾನೆ. ರನ್ನನ ಕಾವ್ಯಕ್ಕೂ ದೊಡ್ಡಾಟಕ್ಕೂ ಕೊನೆಯುಂಟು. ದುರ್ಯೋಧನ ಸಾಯಲೇಬೇಕು, ಸಾಯುವವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಅಷ್ಟರೊಳಗೆ ಸಲ್ಲಿಸಬೇಕು. ನಮ್ಮ ಪ್ರತಿನಾಯಕನ ಗಾಂಭೀರ್ಯಕ್ಕೆ ಆ ಸಾವೇ ಕಾರಣ.

ಇಷ್ಟೆಲ್ಲ ಕಥೆಗಳ ಮಾತಲ್ಲವೆ, ಇದರಿಂದ ನಮಗೇನು ಎಂದು ಕೇಳಬಹುದು. ಮಕ್ಕಳು ಶತ್ರುವನ್ನು ಹೇಗೆ ಕಾಣಬೇಕೆಂಬುದನ್ನು ಮೊದಲು ಕಲಿಯುವುದು ಕಥೆಗಳಿಂದಲೇ. ಚುನಾವಣೆಯಲ್ಲಿ ಎದುರು ನಿಂತವನು, ಹೊಲದ ಬದುವಿನ ವ್ಯಾಜ್ಯದಲ್ಲಿ ಎದುರು ನಿಂತ ದಾಯಾದಿ, ಬೇರೆ ಮತದ ನೆರೆಯವನು, ಇವರೆಲ್ಲ ಬದುಕಿನ ಪ್ರತಿವಾಸುದೇವರೇ. ಅವರ ತಪ್ಪನ್ನು ತಪ್ಪೆಂದು ಹೇಳುವ ಧೈರ್ಯವೂ ಅವರ ದೊಡ್ಡತನವನ್ನು ಕಾಣುವ ಕಣ್ಣೂ ಒಟ್ಟಿಗೆ ಬೇಕು. ಸುಟ್ಟುಹೋದ ಮಾನ್ಯಖೇಟದ ನಾಡು ಆ ಎರಡನ್ನೂ ಬಿಟ್ಟುಕೊಡಲಿಲ್ಲ.

ಮುಂದಿನ ರಜೆಯಲ್ಲಿ ಮೊಮ್ಮಗನು ಯಾರು ದೊಡ್ಡಾಂವ ಎಂದು ಕೇಳಿಕೊಂಡು ಬಂದರೆ ಮುತ್ಯಾ ಅವನನ್ನು ಬಳಿಯಲ್ಲಿ ಕೂರಿಸಿಕೊಂಡು, "ಅವರ ವೈರಿ ಯಾರಪ್ಪಾ, ಅವನ ಕಥಿ ಮೊದಲ ಹೇಳು" ಎನ್ನಲಿ. ಆ ಹುಡುಗನ ಕಥೆ ಮುಗಿದ ಮೇಲೆ ಅಭಿಮನ್ಯುವಿಗೆ ಕೈಮುಗಿದ ದುರ್ಯೋಧನನ ಕಥೆಯನ್ನು ತಾನೂ ಹೇಳಲಿ.